ಹೊಲಿಗೆ ಬಾಯಿಯವರ ಸಿಟ್ಟು

ಧಾರವಾಡದಲ್ಲಿ ಮನಃಶಾಸ್ತ್ರ ಓದಿ ಬೆಳಗಾವಿಗೆ ವಾಪಸು ಬಂದಾಗ ವಯಸ್ಸಾದವರ ಜೊತೆ ಕೆಲಸ ಮಾಡಬೇಕೆಂಬ ಆಸೆಯೇನೂ ನನಗಿರಲಿಲ್ಲ. ನಾನು ಸೇರಿದ್ದು ಒಂದು ಖಾಸಗಿ ದವಾಖಾನೆ. ಅಲ್ಲಿ ನನಗಿಂತ ಮೊದಲೇ ಇಬ್ಬರು ಆಪ್ತಸಮಾಲೋಚಕರಿದ್ದರು. ಪರೀಕ್ಷೆಗೆ ಹೆದರುವ ಮಕ್ಕಳು ಒಬ್ಬರ ಪಾಲು, ಜಗಳವಾಡುವ ಗಂಡ ಹೆಂಡಿರು ಇನ್ನೊಬ್ಬರ ಪಾಲು. ಉಳಿದವರು ನನಗೆ. ಉಳಿದವರು ಅಂದರೆ ಅರವತ್ತು ದಾಟಿದವರು.

"ಅವರಿಗೇನ್ ಮಾಡೂದೈತ್ರಿ ಮೇಡಂ, ಕುಂದರಿಸಿ ಎರಡ ಮಾತಾಡಿ ಕಳಸ್ರಿ," ಎಂದು ದವಾಖಾನೆಯ ಮಾಲೀಕರಾದ ಡಾಕ್ಟರು ಮೊದಲ ದಿನವೇ ಹೇಳಿದ್ದರು. ನನಗೆ ಕೊಟ್ಟ ಕೋಣೆ ಎಕ್ಸ್‌ರೇ ಕೋಣೆಯ ಬಾಜೂಕಿನದು. ಮೊದಲು ಅಲ್ಲಿ ಹಾಸಿಗೆಯ ಚಾದರ ಇಡುತ್ತಿದ್ದರಂತೆ. ಕಿಟಕಿ ಇರಲಿಲ್ಲ. ಬಾಗಿಲಿಗೆ ಬರಲು ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಠಡಾ ಇಲ್ಲ. ಮೊಣಕಾಲು ಹಿಡಿದವರನ್ನೇ ಕಳಿಸುವ ಕೋಣೆಗೆ ಮೆಟ್ಟಿಲು ಹತ್ತಿಸುತ್ತೀರಲ್ಲ ಎಂದು ಕೇಳಿದರೆ ನಗುತ್ತಿದ್ದರು. ನನಗೆ ಇಟ್ಟ ಚೇಷ್ಟೆಯ ಹೆಸರು 'ಮುದುಕರ ಡಾಕ್ಟರು'. ನಾನು ಡಾಕ್ಟರಲ್ಲ, ಔಷಧ ಬರೆಯುವ ಅಧಿಕಾರ ನನಗಿಲ್ಲ ಎಂದು ಎಷ್ಟು ಸಲ ಹೇಳಿದರೂ ಆ ಹೆಸರು ಹೋಗಲಿಲ್ಲ.

ಆ ಕೋಣೆಯಲ್ಲಿ ಕೂತು ನಾನು ಕಲಿತ ಮೊದಲ ಪಾಠವೆಂದರೆ "ವಯಸ್ಸಾತಲ್ರೀ" ಎನ್ನುವ ಒಂದು ಮಾತಿನಿಂದ ಎಷ್ಟೆಲ್ಲ ಮುಚ್ಚಿಹಾಕಬಹುದು ಎನ್ನುವುದು. ಇಪ್ಪತ್ತೈದರ ಹುಡುಗ ಊಟ ಬಿಟ್ಟು ಗೋಡೆ ನೋಡುತ್ತ ಕೂತರೆ ಮನೆಮಂದಿಯೆಲ್ಲ ಗಾಬರಿಯಾಗಿ ಓಡಿಬರುತ್ತಾರೆ. ಎಪ್ಪತ್ತು ದಾಟಿದವರು ಹಾಗೆ ಕೂತರೆ ವಯಸ್ಸಾತಲ್ರೀ. ಅತ್ತರೆ ವಯಸ್ಸಾತಲ್ರೀ, ರೇಗಿದರೆ ವಯಸ್ಸಾತಲ್ರೀ. ನಿವೃತ್ತ ಪೋಸ್ಟ್ ಮಾಸ್ತರರೊಬ್ಬರನ್ನು ಬುದ್ಧಿ ಹೋಗಿದೆ ಎಂದು ಕರೆತಂದಿದ್ದರು. ಕೇಳಿದ್ದಕ್ಕೆಲ್ಲ ಏನೇನೋ ಉತ್ತರ ಹೇಳುತ್ತಾರೆ ಎನ್ನುವುದು ದೂರು. ನಾನು ಅವರನ್ನು ಮೊದಲು ಕಿವಿ ಡಾಕ್ಟರ ಹತ್ತಿರ ಕಳಿಸಿದೆ. ಕಿವಿಯಲ್ಲಿ ಕಲ್ಲಿನ ಹಾಗೆ ಕೂತಿದ್ದ ಗುಗ್ಗೆ ತೆಗೆದ ಮೇಲೆ ಅವರ ಬುದ್ಧಿ ವಾಪಸು ಬಂತು! ಅದಕ್ಕೂ ಮೊದಲು ಒಂದು ವರ್ಷ ಮನೆಯಲ್ಲಿ ಯಾರೂ ಅವರೊಂದಿಗೆ ನೆಟ್ಟಗೆ ಮಾತಾಡಿರಲಿಲ್ಲ. ಅವರು ನಕ್ಕರು, ಮನೆಯವರೂ ನಕ್ಕರು. ನನಗೆ ನಗು ಬರಲಿಲ್ಲ.

ಆದರೆ ಈ ಕೆಲಸವನ್ನೇ ಜೀವನದ ಕೆಲಸ ಮಾಡಿಕೊಳ್ಳುವಂತೆ ನನ್ನನ್ನು ಕೆರಳಿಸಿದ್ದು ಪೋಸ್ಟ್ ಮಾಸ್ತರರಲ್ಲ, ಬೆಳಗಾವಿಯದೇ ಭಾಗವಾದ ಶಹಾಪುರದಿಂದ ಬಂದ ಒಬ್ಬ ಹೆಣ್ಣುಮಗಳು.

ಒಂದು ಬೆಳಗ್ಗೆ ಮಗ ಮತ್ತು ಸೊಸೆ ಎರಡೂ ಕಡೆ ರಟ್ಟೆ ಹಿಡಿದು ಅವರನ್ನು ಮೆಟ್ಟಿಲು ಹತ್ತಿಸಿದರು. ಎಪ್ಪತ್ತನಾಲ್ಕು ವರ್ಷ. ನೀಟಾಗಿ ಇಸ್ತ್ರಿ ಮಾಡಿದ ಇಳಕಲ್ ಸೀರೆ. ಅವರಿಗೆ ಬೇರೆ ಯಾರೋ ಉಡಿಸಿದ್ದು ನೆರಿಗೆ ನೋಡಿದರೇ ಗೊತ್ತಾಗುತ್ತಿತ್ತು. ಕುರ್ಚಿಯಲ್ಲಿ ಕೂತವರ ತಲೆ ಮೆಲ್ಲಗೆ ಎದೆಯ ಕಡೆಗೆ ಇಳಿಯಿತು.

"ಹ್ಯಾಂಗದೀರಿ ಅವ್ವಾರ?" ಎಂದೆ.

ಉತ್ತರ ಕೊಟ್ಟದ್ದು ಮಗ. ಸಹಕಾರಿ ಬ್ಯಾಂಕೊಂದರಲ್ಲಿ ಅಧಿಕಾರಿ, ಐವತ್ತರ ಆಸುಪಾಸಿನವರು. "ಅವ್ರಿಗೆ ತಿಳಿಯೂದಿಲ್ರಿ ಮೇಡಂ. ಕನ್ನಡ ಪೂರಾ ಮರತಬಿಟ್ಟಾರ. ನಾಕೈದ ತಿಂಗಳಾತು, ಮಾತಾಡಿದ್ರ ಬರೇ ಮರಾಠಿ. ತವರಮನಿ ಖಾನಾಪುರ ತಾಲೂಕ ಹಲಸಿ, ಸಣ್ಣಾಕಿದ್ದಾಗ ಮರಾಠಿ ಸಾಲಿ ಕಲತಾರ. ಈಗ ಅದೊಂದ ಉಳದೈತಿ. ನನ್ನ ಹೆಂಡತಿ ಬಾಗಲಕೋಟಿ ಕಡ್ಯಾಕಿ, ಆಕಿಗೆ ಮರಾಠಿ ಬರೂದಿಲ್ಲ. ನೀರ ಬೇಕೋ, ಚಹಾ ಬೇಕೋ ಅನ್ನೂದೂ ತಿಳೀವಲ್ದು."

"ಮೊದಲ ಭಾಳ ಸಿಟ್ಟ ಮಾಡ್ತಿದ್ರು," ಎಂದರು ಸೊಸೆ. "ಈಗ ಗುಳಿಗಿ ಚಾಲೂ ಮಾಡಿದ ಮ್ಯಾಲ ಶಾಂತ ಅದಾರ್ರಿ. ಸಣ್ಣ ಕೂಸಿನಂಗ."

"ನೀವು ಟೆಸ್ಟ್ ಮಾಡಿ ಮರೆವಿನ ರೋಗ ಅಂತ ಒಮ್ಮೆ ಹೇಳಿಬಿಡ್ರಿ," ಎಂದರು ಮಗ. "ನಾವೂ ಮನಸಿಗೆ ಹಚ್ಚಿಕೊಳ್ಳೂದು ಬಿಡ್ತೀವಿ."

ಇಷ್ಟೆಲ್ಲ ಮಾತು ಅವರ ಎದುರಿಗೇ, ಅವರ ತಲೆಯ ಮೇಲಿಂದ. ಕೋಣೆಯಲ್ಲಿ ಅವರು ಇಲ್ಲವೇ ಇಲ್ಲ ಎನ್ನುವ ಹಾಗೆ. ನಾನು ಮಗನನ್ನೂ ಸೊಸೆಯನ್ನೂ ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದೆ. ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಮರಾಠಿಯಲ್ಲಿ, ನಿಮಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ. ನಮ್ಮ ಊರಿನಲ್ಲಿ ಬೆಳೆದವರಿಗೆ ಎರಡು ಭಾಷೆ ಎರಡು ಕಾಲಿದ್ದ ಹಾಗೆ, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ.

ಅವರು ತಲೆ ಎತ್ತಿದರು. ರೆಪ್ಪೆ ಭಾರವಾಗಿತ್ತು, ನಾಲಿಗೆ ತೊದಲುತ್ತಿತ್ತು. ಆದರೆ ಮಾತು ಸ್ಪಷ್ಟವಿತ್ತು. "ಮಲಾ ಸಗಳಂ ಕಳತಂ," ಎಂದರು. ನನಗೆ ಎಲ್ಲಾ ತಿಳಿಯುತ್ತದೆ. ಆಮೇಲೆ ಬಾಗಿಲ ಕಡೆ ಕಣ್ಣು ತಿರುಗಿಸಿ, ಅವರ ಜೊತೆ ಮಾತಾಡುವುದಿಲ್ಲ ಅಷ್ಟೇ, ಎಂದರು ಮರಾಠಿಯಲ್ಲೇ.

ಕನ್ನಡ ಮರೆತಿರಲಿಲ್ಲ. ಬಿಟ್ಟಿದ್ದರು!

ಮನೆಯಲ್ಲಿ ಅವರ ಮಾತಿಗೆ ಯಾರೂ ಬೆಲೆ ಕೊಡದೇ ಹೋದಾಗ ಅವರ ಕೈಯಲ್ಲಿ ಉಳಿದದ್ದು ಅದೊಂದೇ ಪ್ರತಿಭಟನೆ. ಅದನ್ನೂ ಮನೆಯವರು ರೋಗದ ಲಕ್ಷಣ ಎಂದು ಕಟ್ಟಿ ನನ್ನ ಮುಂದೆ ತಂದಿಟ್ಟಿದ್ದರು. ನಾನು ಪರೀಕ್ಷೆ ಶುರು ಮಾಡಿದೆ. ವಾರ, ತಿಂಗಳು, ಊರು ಸರಿಯಾಗಿ ಹೇಳಿದರು. ಮೂರು ಪದ ನೆನಪಿಟ್ಟುಕೊಳ್ಳಿ ಎಂದೆ. ಎರಡು ಹೇಳಿ ಮೂರನೆಯದನ್ನು ಹುಡುಕುತ್ತ ಹುಡುಕುತ್ತ ಕೂತಲ್ಲೇ ನಿದ್ದೆಹೋದರು. ನಾನು ಅಲ್ಲಿಗೇ ನಿಲ್ಲಿಸಿದೆ. ಹಾಗೆ ಅರ್ಧ ನಿದ್ದೆಯಲ್ಲಿ ಕೂರಿಸಿ ಕೇಳಿದರೆ ನನ್ನನ್ನೂ ಮರೆವಿನ ರೋಗಿ ಮಾಡಬಹುದು.

ಹೊರಗೆ ಬಂದು, ಯಾವ ಗುಳಿಗೆ ಕೊಡುತ್ತಿದ್ದೀರಿ ತೋರಿಸಿ ಎಂದೆ. ಸೊಸೆ ಪಿಶವಿಯಿಂದ ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ನಿದ್ದೆಗೆ ಒಂದು. ಗಾಬರಿಗೆ ಅಂತ ಇನ್ನೊಬ್ಬ ಡಾಕ್ಟರು ಕೊಟ್ಟದ್ದು ಒಂದು, ಅದೂ ನಿದ್ದೆ ಬರಿಸುವಂಥದೇ. ಮೈ ತುರಿಕೆಗೆಂದು ಔಷಧ ಅಂಗಡಿಯವನು ಕೊಟ್ಟದ್ದು ಮತ್ತೊಂದು, ಅದರಲ್ಲೂ ಮಂಪರು. ಮೂರನ್ನೂ ಒಟ್ಟಿಗೆ ನುಂಗಿಸುತ್ತಿದ್ದರು. ಒಮ್ಮೆ ಬಚ್ಚಲಲ್ಲಿ ಬಿದ್ದಿದ್ದರಂತೆ. ಬಿದ್ದದ್ದಕ್ಕೂ ಕಾರಣ ವಯಸ್ಸು.

ನಿದ್ದೆಯ ಗುಳಿಗೆ ಬರೆದ ಡಾಕ್ಟರಿಗೆ ನಾನೇ ಫೋನು ಮಾಡಿದೆ. ಹೆಸರಾದವರು. ಮರ್ಯಾದೆಯಿಂದಲೇ ಮಾತಾಡಿದರು. "ಮನಿಯವರು ರಾತ್ರಿ ಒದರ್ತಾರ ಅಂದ್ರು, ಕೊಟ್ಟೀನಿ. ಈ ವಯಸ್ಸಿನ್ಯಾಗ ಒಂದೀಟ ಶಾಂತ ಇದ್ರ ಎಲ್ಲಾರಿಗೂ ಚಲೋ ಅಲ್ರೀ?" ಎಂದರು. ಯಾಕೆ ಒದರುತ್ತಾರೆ ಎಂದು ಕೇಳಿದಿರಾ ಎಂದೆ. "ಮೇಡಂ, ಹೊರಗ ನಲವತ್ತ ಮಂದಿ ಕುಂತಾರ," ಎಂದು ಫೋನಿಟ್ಟರು.

ನೆಹರು ನಗರದ ಕಡೆ ಕೂರುವ ಒಬ್ಬ ಹಿರಿಯ ಮನೋವೈದ್ಯರು ನನಗೆ ಪರಿಚಯವಿದ್ದರು. ಅವರ ಹತ್ತಿರ ಕಳಿಸಿದೆ. ಅವರು ಎಲ್ಲವನ್ನೂ ನೋಡಿ, ತುರಿಕೆಯದನ್ನು ಅಂದೇ ನಿಲ್ಲಿಸಿ, ಉಳಿದದ್ದನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಒಮ್ಮೆಲೇ ಬಿಟ್ಟರೆ ಅಪಾಯ, ಮನೆಯಲ್ಲಿ ಯಾರಾದರೂ ನಿಗಾ ಇಡಬೇಕು ಎಂದರು. ಮಗ ಹೆಂಡತಿಯ ಮುಖ ನೋಡಿದರು. ಹೆಂಡತಿ ನೆಲ ನೋಡಿದರು. ಆಗ ಅವ್ವನ ಮಗಳು ಬಂದಳು.

ಮಗಳ ಮನೆ ಖಾನಾಪುರ. ಅಲ್ಲೇ ಒಂದು ಕನ್ನಡ ಸಾಲಿಯಲ್ಲಿ ಮಾಸ್ತರಿಕೆ. ಬೇಸಿಗೆ ರಜೆಯ ಜೊತೆಗೆ ಇನ್ನಷ್ಟು ರಜೆ ಹಾಕಿ ತವರಿಗೆ ಬಂದು ಇದ್ದು ಅವ್ವನನ್ನು ತಾನೇ ನೋಡಿಕೊಂಡಳು. ನನ್ನ ಕೋಣೆಗೆ ಆಕೆಯೇ ಕರೆದುಕೊಂಡು ಬರುತ್ತಿದ್ದಳು. ಮನೆಯಲ್ಲಿ ಏನಾಯಿತೆಂದು ನನಗೆ ಗೊತ್ತಾದದ್ದು ಆಕೆಯಿಂದ.

ಮೂವತ್ತು ವರ್ಷ ಅವಳ ಅವ್ವ ಶಹಾಪುರದ ಮನೆಯ ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಕ್ಲಾಸ್ ನಡೆಸಿದ್ದರು. ನೇಕಾರರ ಓಣಿಗಳ ಹುಡುಗಿಯರು, ಮದುವೆ ಗೊತ್ತಾದವರು, ಗಂಡ ಬಿಟ್ಟವರು, ಎಲ್ಲರೂ ಕಲಿಯಲು ಬರುತ್ತಿದ್ದರು. ಓಣಿಯಲ್ಲಿ ಅವರನ್ನು ಎಲ್ಲರೂ 'ಹೊಲಿಗಿ ಬಾಯಾರ' ಎನ್ನುತ್ತಿದ್ದರು; ನಮ್ಮ ಕಡೆ ಬಾಯಿ ಎಂದರೆ ಕಲಿಸುವ ಅಕ್ಕೋರು. ಗಂಡ ಬದುಕಿರುವವರೆಗೆ ಎಲ್ಲ ಸರಿಯಿತ್ತು. ಗಂಡ ತೀರಿಕೊಂಡ ಮೇಲೆ ಬಾಯಿಯವರು ಸ್ವಲ್ಪ ದಿನ ಕ್ಲಾಸು ನಿಲ್ಲಿಸಿದರು, ಅಷ್ಟೇ. ಅಷ್ಟರಲ್ಲಿ ಮಗ ಮಷೀನುಗಳನ್ನೆಲ್ಲ ಯಾರಿಗೋ ಕೊಟ್ಟು ಪಡಸಾಲೆಯನ್ನು ಮೊಬೈಲ್ ರಿಪೇರಿ ಅಂಗಡಿಗೆ ಬಾಡಿಗೆಗೆ ಹಾಕಿದರು. ಅವ್ವನಿಗೆ ಇನ್ನು ವಿಶ್ರಾಂತಿ ಬೇಕು ಎಂದರು. ಬೇಕೇ ಎಂದು ಅವ್ವನನ್ನು ಕೇಳಲಿಲ್ಲ. ಅದೇ ವಾರ ಒಲೆಯ ಮೇಲಿಟ್ಟ ಹಾಲು ಉಕ್ಕಿ ಪಾತ್ರೆ ಸುಟ್ಟಿತು. ಅಡುಗೆಮನೆಗೂ ಹೋಗಬೇಡ ಎಂದರು. ಒಬ್ಬರೇ ಹೊರಗೆ ಹೋದರೆ ಬೀಳುತ್ತೀ ಎಂದು ಕಾಯಿಪಲ್ಲೆ ತರುವುದನ್ನೂ ಬಿಡಿಸಿದರು. ಕಡೆಗೆ ಮೊಮ್ಮಗಳ ಅಂಗಿ ಸರಿಮಾಡಲು ಕತ್ತರಿ ಹುಡುಕಿದರೆ ಕತ್ತರಿ ಇಲ್ಲ. ಕೈ ಕೊಯ್ದುಕೊಂಡೀರಿ ಎಂದು ಸೊಸೆ ಎತ್ತಿಟ್ಟಿದ್ದಳು. ಮೂವತ್ತು ವರ್ಷ ಕತ್ತರಿ ಹಿಡಿದ ಕೈಗೆ ಕತ್ತರಿ ಇಲ್ಲ. ಆ ದಿನ ಬಾಯಿಯವರು ಓಣಿಗೆ ಕೇಳುವಂತೆ ಕೂಗಾಡಿದರು. ಮರುದಿನ ಡಾಕ್ಟರ ಹತ್ತಿರ ಕರೆದೊಯ್ದರು.

ಇದನ್ನೆಲ್ಲ ಕೂತು ಕೇಳಿದೆ. ಯಾರೂ ಅವರನ್ನು ಹೊಡೆದಿರಲಿಲ್ಲ, ಉಪವಾಸ ಕೆಡವಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಒಗೆದ ಸೀರೆ, ದವಾಖಾನೆಗೆ ಕಾರು. ಓಣಿಯವರ ಕಣ್ಣಿಗೆ ಚಿನ್ನದಂಥ ಮಗ. ಒಂದೊಂದಾಗಿ ಎಲ್ಲವನ್ನೂ ಕೈಯಿಂದ ಕಸಿದುಕೊಂಡು, ಅವರು ಯಾಕೆ ಎಂದು ಕೇಳಿದಾಗ ನಿದ್ದೆಗೆ ಹಾಕಿದ್ದರು. ಅದನ್ನು ಯಾವ ಹೆಸರಿನಿಂದ ಕರೆಯಬೇಕೋ ನನಗೆ ಇಂದಿಗೂ ಗೊತ್ತಿಲ್ಲ. ಕಾಳಜಿ ಎಂದಂತೂ ಕರೆಯಲಾರೆ.

ಗುಳಿಗೆ ಇಳಿಸುತ್ತ ಹೋದ ಆ ತಿಂಗಳುಗಳು ಸುಲಭದವಾಗಿರಲಿಲ್ಲ. ನಿದ್ದೆ ಬರಲಿಲ್ಲ, ಕೈ ನಡುಗಿದವು, ಬೆವತರು. ನಡುವೆ ಒಮ್ಮೆ ಸಾಕು, ಗುಳಿಗೆಯನ್ನೇ ಕೊಡಿ ಎಂದು ಅತ್ತರು. ಮನೋವೈದ್ಯರು ಇಳಿಸುವ ವೇಗವನ್ನು ಇನ್ನೂ ಕಡಿಮೆ ಮಾಡಿದರು. ನಾನು ವಾರ ವಾರ ಅವರನ್ನು ಕೂರಿಸಿಕೊಂಡು ಗಂಡನ ಬಗ್ಗೆ ಮಾತಾಡಿಸಿದೆ. ಗಂಡ ಸತ್ತು ವರ್ಷವಾಗುತ್ತ ಬಂದಿದ್ದರೂ ಆ ಮನೆಯಲ್ಲಿ ಅವರ ಮುಂದೆ ಆ ಮಾತು ಯಾರೂ ಎತ್ತಿರಲಿಲ್ಲ. ಎತ್ತಿದರೆ ಅಳುತ್ತಾರೆ ಎಂದು. ಅಳಬಾರದೇ? ಗಂಡ ಸತ್ತ ಹೆಣ್ಣುಮಗಳು ಅಳಬಾರದೇ?

ಮೆಲ್ಲಗೆ ಅವರು ಎಚ್ಚರಾದರು. ಮೊದಲು ಕಣ್ಣು ಎಚ್ಚರಾದವು, ಆಮೇಲೆ ನಡಿಗೆ. ಒಂದು ದಿನ ಸೀರೆ ತಾವೇ ಉಟ್ಟು ಬಂದರು. ಆ ದಿನ ಮಗನೂ ಸೊಸೆಯೂ ಜೊತೆಗಿದ್ದರು. ಕುರ್ಚಿಯಲ್ಲಿ ನೆಟ್ಟಗೆ ಕೂತವರೇ, ತಿಂಗಳುಗಳ ನಂತರ ಮೊದಲ ಸಲ, ನನ್ನನ್ನು ನೋಡುತ್ತ ಅಚ್ಚ ಕನ್ನಡದಲ್ಲಿ ಶುರು ಮಾಡಿದರು.

"ತಂಗಿ, ಇವತ್ತ ಕನ್ನಡದಾಗ ಹೇಳ್ತೀನಿ, ಎಲ್ಲಾರಿಗೂ ತಿಳೀಲಿ. ಗಂಡ ಸತ್ತ ಮ್ಯಾಲ ಅತ್ರ ತಪ್ಪು, ಅಳದಿದ್ರ ತಪ್ಪು. ಒಂದ ದಿನ ಹಾಲ ಉಕ್ಕಿ ಭಾಂಡೆ ಸುಟ್ಟಿತು. ಇಕಿ ಎಷ್ಟ ಸಲ ಸುಟ್ಟಾಳ ಕೇಳು. ಇಕಿಗೆ ಯಾರರೆ ಗುಳಿಗಿ ಕೊಟ್ಟಾರೇನು? ಇಂವ ಬ್ಯಾಂಕಿಗೆ ಹೋಗೂಮುಂದ ಗಾಡಿ ಕೀಲಿ ಮರತು ಮೂರ ಸಲ ಹೊಳ್ಳಿ ಬರ್ತಾನ. ಇಂವಗ ಟೆಸ್ಟ್ ಮಾಡಸ್ಯಾರೇನು? ಮಷೀನ ಕೊಡೂಮುಂದ ಒಂದ ಮಾತ ಕೇಳಿದ್ರ ಏನ ಆಗ್ತಿತ್ತು? ಸತ್ತಾರಿಗಿ ಕೇಳೂದಿಲ್ಲ ನೋಡು, ಹಂಗ ಮಾಡಿದ್ರು ನನಗ. ನಾ ಇನ್ನೂ ಸತ್ತಿಲ್ಲ!"

ಧ್ವನಿ ಎಕ್ಸ್‌ರೇ ಕೋಣೆಯನ್ನೂ ದಾಟಿ ಹೋಯಿತು. ಮಗಳು ಬಾಯಿಗೆ ಸೆರಗು ಹಿಡಿದುಕೊಂಡು ಅಳುತ್ತಿದ್ದಳು. ನನಗೆ ಎದ್ದು ನಿಂತು ಕೈಮುಗಿಯಬೇಕೆನ್ನಿಸಿತು.

ಮಗ ನನ್ನ ಕಡೆ ತಿರುಗಿದರು. "ನೋಡ್ರಿ ಮೇಡಂ, ಮತ್ತ ಶುರು ಆತು," ಎಂದರು.

ಅಷ್ಟು ಉದ್ದದ, ಒಂದೂ ಎಳೆ ತಪ್ಪದ, ಒಂದೂ ವಿಷಯ ಮರೆಯದ ಮಾತು. ಅದರಲ್ಲಿ ಅವರಿಗೆ ಕೇಳಿಸಿದ್ದು ರೋಗ ಒಂದೇ.

ಎರಡು ದಿನದ ನಂತರ ಮಾಲೀಕ ಡಾಕ್ಟರು ನನ್ನನ್ನು ಕರೆಸಿದರು. ಮಗ ಬಂದು ದೂರು ಕೊಟ್ಟಿದ್ದರು. ಶಾಂತವಾಗಿದ್ದವರನ್ನು ಕರೆತಂದೆವು, ಕೂಗಾಡುವವರನ್ನು ವಾಪಸು ಕೊಟ್ಟಿರಿ, ಇದೆಂಥ ಟ್ರೀಟ್‌ಮೆಂಟು ಎಂದು.

"ಸರ್, ಪೇಷಂಟ್ ಸುಧಾರಿಸ್ಯಾರ," ಎಂದೆ.

"ಯಾರ ಪೇಷಂಟ್ರಿ? ಕರಕೊಂಡ ಬಂದವರು ಮನಿಯವರು. ನಾಳಿಗೆ ಮತ್ತ ಬರವರೂ ಅವರ. ಅವರ ಸಮಾಧಾನ ಆಗ್ಬೇಕಲ್ರಿ."

"ಹಂಗಾದ್ರ ಗುಳಿಗಿ ಅವರಿಗೆ ಕೊಡೂಣು ಸರ್. ಎಲ್ಲಾರೂ ಶಾಂತ ಇರ್ತಾರ."

ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಅವರ ಮುಖ ಗಂಟಿಕ್ಕಿತು. ಆದರೂ ಸಿಟ್ಟು ತೋರಿಸಲಿಲ್ಲ. ಪರೀಕ್ಷೆಯ ದಿನ ಬರುತ್ತಿವೆ, ನೀವೂ ಇನ್ನು ಮೇಲೆ ಮಕ್ಕಳನ್ನೇ ನೋಡಿ, ಈ ಮುದುಕರ ಕೇಸು ಸಾಕು ಎಂದು ನಯವಾಗಿ ಹೇಳಿದರು. ನಾನು ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಮನೆಯಲ್ಲಿ ನನ್ನವರು, "ಅವಸರ ಮಾಡಿದಿ," ಎಂದರು. ಮಾಡಿದೆ. ಇನ್ನೂ ಮೊದಲೇ ಮಾಡಬೇಕಿತ್ತು ಎನ್ನಿಸುತ್ತದೆ.

ಬಿಡುವ ಮೊದಲು ಒಮ್ಮೆ ಶಹಾಪುರದ ಮನೆಗೆ ಹೋದೆ. ಎಲ್ಲರೂ ಕೂತು ಮಾತಾಡಿದರೆ ಏನಾದರೂ ದಾರಿ ಸಿಕ್ಕೀತು ಎಂಬ ಆಸೆ. ಪಡಸಾಲೆಯಿದ್ದ ಜಾಗದಲ್ಲಿ ಗಾಜಿನ ಬಾಗಿಲು, ಮೊಬೈಲ್ ಕವರುಗಳ ಮಾಲೆ. ಮನೆಯೊಳಗೆ ಹೋಗಲು ಬಾಜೂಕಿನ ಸಂದಿಯೇ ದಾರಿ. ಮಾತು ಶುರುವಾಗುವ ಮೊದಲೇ ಸೊಸೆ ನನ್ನನ್ನು ಅಡುಗೆಮನೆಗೆ ಕರೆದರು.

"ಮೇಡಂ, ನೀವೆಲ್ಲಾ ನನ್ನ ಕೆಟ್ಟಾಕಿ ಅಂತ ತಿಳ್ಕೊಂಡೀರಿ," ಎಂದರು. "ಅವರು ಬ್ಯಾಂಕಿಗೆ ಹೋಗ್ತಾರ. ನಾದಿನಿ ರಜಾ ಮುಗದಕೂಡ್ಲೆ ಖಾನಾಪುರಕ್ಕ ಹೋಗ್ತಾಳ. ನೀವೂ ಹೋಗ್ತೀರಿ. ಗ್ಯಾಸ್ ಬಿಟ್ಟು ಮನಿ ಹತ್ತಿದ್ರ ಯಾರ್ನ ಕೇಳ್ತಾರ? ನನ್ನ ಕೇಳ್ತಾರ. ಬಿದ್ದು ಕಾಲ ಮುರಕೊಂಡ್ರ ಹಾಸಿಗಿ ಬಳಿಯಾಕಿ ಯಾರು? ನಾ. ನನಗ ಹೆದರಿಕಿ ಆಗ್ತಿತ್ರಿ. ಅದಕ್ಕ ಕತ್ತರಿ ತಗದಿಟ್ಟೆ."

ಆಕೆಯ ಕಣ್ಣಲ್ಲಿ ನೀರಿತ್ತು. ಆಕೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ಮನೆಯ ವಯಸ್ಸಾದವರ ಭಾರವನ್ನೆಲ್ಲ ಒಬ್ಬ ಹೆಂಗಸಿನ ತಲೆಯ ಮೇಲಿಟ್ಟು, ಆಕೆ ಹೆದರಿ ತಪ್ಪು ಮಾಡಿದಾಗ ಆಕೆಯನ್ನೇ ಕೆಟ್ಟವಳೆನ್ನುವುದು ನಮ್ಮಲ್ಲಿ ಬಹಳ ಸಲೀಸು. ಬ್ಯಾಂಕಿನ ಅಧಿಕಾರಿ ಮಗ ಹೊರಗೆ ಕೂತು ಚಹಾ ಕುಡಿಯುತ್ತಿದ್ದರು. ನನ್ನ ಸಿಟ್ಟು ಅಲ್ಲಿಂದ ಎದ್ದು ಹೋಗಿ ಅವರ ಮೇಲೆ ಕೂತಿತು.

ಮಾತುಕತೆಯಲ್ಲಿ ಮಗ ಒಂದು ಉಪಾಯ ತೆಗೆದರು. ಪಡಸಾಲೆ ಬಿಡಿಸಲಾಗುವುದಿಲ್ಲ, ಬೇಕಾದರೆ ಮಾಳಿಗೆ ಮೇಲಿನ ತಗಡಿನ ಶೆಡ್ಡಿನಲ್ಲಿ ಒಂದು ಮಷೀನು ಇಡಿಸುತ್ತೇನೆ, ಹೊತ್ತು ಹೋಗುತ್ತದೆ ಎಂದರು.

ಬಾಯಿಯವರು ಮಗನನ್ನು ನೋಡಿದರು. "ಮಾಳಿಗಿ ಮ್ಯಾಲ? ನಾ ಏನ ಪಾರಿವಾಳ ಅದೀನೇನು?" ಎಂದರು. "ಹೊತ್ತ ಹೋಗ್ಲಿ ಅಂತ ಹೊಲೀತಿದ್ನೇನೋ ನಾ? ನಿನ್ನ ಸಾಲಿ ಕಲಿಸಿದ್ದು ಆ ಮಷೀನ."

ಆಮೇಲೆ ಮಗಳ ಕಡೆ ತಿರುಗಿ, "ನಿಮ್ಮ ಮನ್ಯಾಗ ನನಗ ಒಂದ ಖೋಲಿ ಆಗ್ತೈತೇನು?" ಎಂದು ಕೇಳಿದರು. ಬೇಡುವ ಧ್ವನಿಯಲ್ಲ. ಬಾಡಿಗೆ ಮನೆ ವಿಚಾರಿಸುವವರ ಧ್ವನಿ. ಮಗಳು ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ಆ ಮನುಷ್ಯನನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. "ರಸ್ತೇದ ಕಡೀದು ಖೋಲಿ ಖಾಲೀನ ಐತಲ್ಲ, ಕರಕೊಂಡ ಬಾ," ಎಂದನಂತೆ, ಅಷ್ಟೇ. ಮಗನಿದ್ದೂ ಮಗಳ ಮನೆಗೆ ಹೋಗುವುದೇ, ಜನ ಏನೆನ್ನುತ್ತಾರೆ ಎಂದು ಮಗ ಎದ್ದು ನಿಂತರು. ಜನರ ಮಾತು ಅವರಿಗೆ ನೆನಪಾದದ್ದು ಆಗ.

ಬಾಯಿಯವರು ಖಾನಾಪುರಕ್ಕೆ ಹೋದರು. ಒಂದು ಹಳೆಯ ಮಷೀನು ಸಿಕ್ಕಿತು, ಆಮೇಲೆ ಎರಡನೆಯದು. ರಸ್ತೆಯ ಕಡೆಯ ಬಾಗಿಲು ತೆಗೆದು ಕೂತರೆ ಹೋಗಿಬರುವವರೆಲ್ಲ ಕಾಣುತ್ತಿದ್ದರು. ಮೊದಲು ಬಾಜೂಕಿನ ಮನೆಯ ಇಬ್ಬರು ಹುಡುಗಿಯರು, ನಂತರ ಬೀಡಿ ಎಂಬ ಹತ್ತಿರದ ಹಳ್ಳಿಯ ಕಡೆಯಿಂದ ಬಸ್ಸಿನಲ್ಲಿ ಬರುವವರು. ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ಬೈದು ಕಲಿಸುತ್ತಿದ್ದರು. ಬೈಗುಳದಲ್ಲಿ ಭೇದ ಮಾಡುತ್ತಿರಲಿಲ್ಲ.

ನಾನೂ ಖಾನಾಪುರದಲ್ಲೇ ಕಿರಾಣಿ ಅಂಗಡಿಯೊಂದರ ಹಿಂದೆ, ನೆಲಮಟ್ಟದ ಒಂದು ಖೋಲಿ ಹಿಡಿದು ವಾರಕ್ಕೆರಡು ದಿನ ಬೆಳಗಾವಿಯಿಂದ ಹೋಗಿ ಕೂರತೊಡಗಿದೆ. ವಯಸ್ಸಾದವರಿಗೆ ಮಾತ್ರ ಎಂದು ಬೋರ್ಡು ಬರೆಸಿದೆ. ಮೊದಲ ತಿಂಗಳು ಬಂದವರು ಬೆರಳೆಣಿಕೆ. ಹುಚ್ಚಿನ ದವಾಖಾನೆ ಎಂದು ಜನ ದೂರದಿಂದ ನೋಡಿ ಹೋಗುತ್ತಿದ್ದರು. ಮೆಲ್ಲಗೆ ಬರತೊಡಗಿದರು. ಬೀಡಿಯಿಂದ ಬಂದ ಒಕ್ಕಲುತನದ ಒಬ್ಬ ಅಜ್ಜ ಮೊಮ್ಮಗನ ಜೊತೆ ಕೂತು, "ಬದುಕಾಕ ಬ್ಯಾಸರಾಗೈತ್ರಿ," ಎಂದು ಮೆತ್ತಗೆ ಹೇಳಿದರು. ಮೊಮ್ಮಗ ಆ ಮಾತಿಗೆ ನಕ್ಕುಬಿಟ್ಟ. ಅಜ್ಜ ತಮಾಷೆ ಮಾಡುತ್ತಾನೆ ಎಂದುಕೊಂಡಿದ್ದ. ಅಜ್ಜ ತಮಾಷೆ ಮಾಡುತ್ತಿರಲಿಲ್ಲ. ಅವರು ಇನ್ನೂ ಇದ್ದಾರೆ, ಬರುತ್ತಾರೆ, ಈಗೀಗ ನಿಜವಾಗಿಯೂ ತಮಾಷೆ ಮಾಡುತ್ತಾರೆ.

ಬಾಯಿಯವರ ಒಳ್ಳೆಯ ವರ್ಷಗಳು ನಾಲ್ಕೋ ಐದೋ. ಆಮೇಲೆ ಮಗಳು ಒಂದು ಸಂಜೆ ನನ್ನ ಖೋಲಿಗೆ ಬಂದು, "ಅವ್ವ ಒಂದ ಕುಬಸಕ್ಕ ಎರಡೂ ತೋಳು ಒಂದ ಕಡೆ ಹಚ್ಚಿದಳ್ರಿ," ಎಂದಳು. ಹೇಳುವಾಗ ನಗಲು ನೋಡಿದಳು, ಆಗಲಿಲ್ಲ. ನಾನು ಪರೀಕ್ಷೆ ಮಾಡಿದೆ. ಎರಡೂ ಭಾಷೆಯಲ್ಲಿ, ಬೆಳಗಿನ ಹೊತ್ತು, ಅವರು ನಿದ್ದೆ ಮುಗಿಸಿ ಊಟ ಮಾಡಿ ಲವಲವಿಕೆಯಿಂದ ಇದ್ದಾಗ. ಮನೋವೈದ್ಯರೂ ನೋಡಿದರು, ಸ್ಕ್ಯಾನ್ ಆಯಿತು. ಈ ಸಲ ಅದು ನಿಜವಾದ ಮರೆವಿನ ರೋಗವೇ ಆಗಿತ್ತು.

ವಿಷಯ ತಿಳಿದ ಮಗ ನನಗೆ ಫೋನು ಮಾಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ.

"ಮೇಡಂ, ನಾ ಅವತ್ತ ಹೇಳಿದ್ದೆಲ್ರಿ," ಎಂದರು. ಧ್ವನಿಯಲ್ಲಿ ದುಃಖವೂ ಇತ್ತು, ಗೆದ್ದವರ ಸಮಾಧಾನವೂ ಇತ್ತು. ಆ ಸಮಾಧಾನ ಕೇಳಿ ನನ್ನ ತಲೆ ಕಾದುಹೋಯಿತು.

"ಅವತ್ತ ನೀವು ಹೇಳಿದ್ದು ಖರೇ ಇರಲಿಲ್ರಿ," ಎಂದೆ. "ಇವತ್ತ ಅದು ಖರೇ ಐತಿ. ನಡುವ ನಿಮ್ಮ ಅವ್ವ ಇಷ್ಟ ವರ್ಷ ಬಾಳೆ ಮಾಡ್ಯಾರ. ಎಷ್ಟೋ ಹುಡುಗ್ಯಾರಿಗೆ ಕೆಲಸ ಕಲಿಸ್ಯಾರ. ನಕ್ಕಾರ, ಜಗಳಾಡ್ಯಾರ. ನಿಮ್ಮ ಮಾತ ಕೇಳಿದ್ರ ಅದೆಲ್ಲಾ ಕುರ್ಚಿ ಮ್ಯಾಲ ತಲಿ ಕೆಳಗ ಹಾಕಿ ಮುಗದಹೋಗ್ತಿತ್ತು. ನೀವು ಹೇಳಿದ್ದ ಮುಂದ ಯಾವಾಗರೆ ನಿಜ ಆಗ್ತದ ಅಂತ ಆ ವರ್ಷಗಳನ್ನ ಮೊದಲ ಕಸಗೊಂಡ್ರ ನಡೀತದೇನ್ರಿ?"

ನಾನೇ ಫೋನಿಟ್ಟೆ.

ಮುಂದಿನ ವಾರ ನಾನು ಖಾನಾಪುರದಲ್ಲಿ ಬಾಯಿಯವರನ್ನು ನೋಡಲು ಹೋದಾಗ ಮನೆಯ ಮುಂದೆ ಮಗನ ಕಾರಿತ್ತು. ಒಳಗೆ ಸೊಸೆ ಅತ್ತೆಯ ಪಕ್ಕ ಕೂತು ಅವರ ಕೂದಲು ಬಾಚುತ್ತಿದ್ದರು. ಅತ್ತೆ ಸುಮ್ಮನೆ ಬಾಚಿಸಿಕೊಳ್ಳುತ್ತಿದ್ದರು. ಮಗ ಹೊರಗಿನ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಹಣ್ಣಿನ ಪಿಶವಿ ಇನ್ನೂ ಕೈಯಲ್ಲೇ ಇತ್ತು. ಒಳಗೆ ಹೋಗಿದ್ದರಂತೆ. ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, ಇವರು ಯಾರು, ಇವರಿಗೆ ಚಹಾ ಕೊಟ್ಟಿರೇನು ಎಂದು ಮಗಳನ್ನು ಕೇಳಿದರಂತೆ. ಅದನ್ನು ತಾಳಲಾರದೆ ಹೊರಗೆ ಬಂದಿದ್ದರು.

ನನಗೆ ಅಯ್ಯೋ ಎನ್ನಿಸಲಿಲ್ಲ ಎಂದರೆ ಸುಳ್ಳಾದೀತು. ಎನ್ನಿಸಿತು. ಆದರೆ ಸಿಟ್ಟೂ ಹಾಗೇ ಇತ್ತು. ಒಂದು ಬಂದರೆ ಇನ್ನೊಂದು ಹೋಗಬೇಕೆಂದೇನಿಲ್ಲ. ನನ್ನ ಕೆಲಸದಲ್ಲಿ ಇಷ್ಟು ವರ್ಷ ಎರಡನ್ನೂ ಒಟ್ಟಿಗೇ ಹೊತ್ತುಕೊಂಡು ಓಡಾಡಿದ್ದೇನೆ.

"ಈಗ ನಾ ಏನ್ ಮಾಡ್ಬೇಕ್ರಿ ಮೇಡಂ?" ಎಂದರು ತಲೆ ಎತ್ತದೆ.

"ಒಳಗ ಹೋಗಿ ಅವರ ಬಾಜೂಕ ಕುಂದರ್ರಿ," ಎಂದೆ. "ನಾ ನಿಮ್ಮ ಮಗ, ಗುರುತ ಸಿಗ್ಲಿಲ್ಲೇನು ಅಂತ ಕೇಳಬ್ಯಾಡ್ರಿ. ಅವರು ಏನರೆ ಹೇಳಿದ್ರ ಹಂಗಲ್ಲ ಅನ್ನಬ್ಯಾಡ್ರಿ. ಚಹಾ ಕೊಟ್ರ ಕುಡೀರಿ. ಮುಂದಿನ ವಾರ ಮತ್ತ ಬರ್ರಿ."

ನನ್ನ ಧ್ವನಿ ಬಿರುಸಾಗಿಯೇ ಇತ್ತು. ಮೆತ್ತಗೆ ಮಾಡಿಕೊಳ್ಳಲು ನಾನೂ ನೋಡಲಿಲ್ಲ. ಅವರು ಮುಖ ಒರೆಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋದರು.